ಮಾರ್ತಾಂಡನ ಜಾಗ

ನನ್ನ ಅಕ್ಕ ಅನುರಾಧಾ ಪುಣೆಯಲ್ಲಿ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನನಗೆ ತಲೆಬಿಸಿ ಶುರುವಾಗುತ್ತದೆ. ನಾನು ಬೆಳಗಾವಿಯ ಒಂದು ವಿಮಾ ಕಚೇರಿಯಲ್ಲಿ ಕ್ಲಾರ್ಕು, ನನ್ನ ಗಂಡ ಶಿವಲಿಂಗ ಉದ್ಯಮಬಾಗದ ಫೌಂಡ್ರಿಯಲ್ಲಿ ಸೂಪರ್‌ವೈಸರು, ಮನೆ ವಡಗಾವಿಯಲ್ಲಿ. ಇಷ್ಟು ಹೇಳಿದರೆ ಕೇಳಿದವರು ಚಹಾ ಕುಡಿದು ಎದ್ದು ಹೋಗುತ್ತಾರೆ. ಅಕ್ಕನ ವಿಷಯ ಹಾಗಲ್ಲ. ನಕ್ಷತ್ರ ನೋಡುತ್ತಾಳೆ ಎಂದರೆ ಮಗಳ ಕುಂಡಲಿ ತಂದು ಕೈಗಿಡುತ್ತಾರೆ. ಗ್ರಹ ಹುಡುಕುತ್ತಾಳೆ ಎಂದರೆ, ಇರುವ ಒಂಬತ್ತರ ಕಾಟವೇ ಸಾಕಾಗಿದೆ, ಇನ್ನೊಂದು ಯಾಕೆ ಬೇಕಿತ್ತು ಎಂದು ನಗುತ್ತಾರೆ.

ಅದಕ್ಕೆ ನಾನೇ ಒಂದು ಉತ್ತರ ಮಾಡಿಟ್ಟುಕೊಂಡಿದ್ದೆ. ದೂರದ ಎಳೆಯ ನಕ್ಷತ್ರಗಳಿವೆಯಲ್ಲ, ಅವುಗಳಿಂದ ಬಹಳ ಅಂತರದಲ್ಲಿ ನಮ್ಮ ಗುರುಗ್ರಹದಂಥ ದೊಡ್ಡ ಗ್ರಹಗಳು ಸುತ್ತುತ್ತಿವೆಯೇ, ಸುತ್ತುತ್ತಿದ್ದರೆ ನೂರು ನಕ್ಷತ್ರಕ್ಕೆ ಎಷ್ಟು, ಅದನ್ನು ಲೆಕ್ಕ ಹಾಕುವ ಗುಂಪಿನಲ್ಲಿ ನಮ್ಮ ಅಕ್ಕ ಇದ್ದಾಳೆ. ಎಳೆಯ ನಕ್ಷತ್ರವೇ ಯಾಕೆಂದರೆ, ದೊಡ್ಡ ಗ್ರಹ ಹುಟ್ಟಿದ ಹೊಸದರಲ್ಲಿ ಆಗತಾನೇ ಒಲೆಯಿಂದಿಳಿಸಿದ ಹಂಚಿನಂತೆ ಬಿಸಿಯಾಗಿರುತ್ತದೆ, ಆ ಕಾವು ದುರ್ಬೀನಿಗೆ ಕಾಣುತ್ತದೆ. ವಯಸ್ಸಾದರೆ ತಣ್ಣಗಾಗಿ ಕಾಣದೇ ಹೋಗುತ್ತದೆ. ದೂರದ್ದೇ ಯಾಕೆಂದರೆ, ನಕ್ಷತ್ರದ ಮಗ್ಗುಲಲ್ಲಿದ್ದರೆ ಅದರ ಬೆಳಕಿನಲ್ಲೇ ಮುಳುಗಿಬಿಡುತ್ತದೆ. ದುರ್ಬೀನು ಇರುವುದು ದಕ್ಷಿಣ ಅಮೆರಿಕದ ಒಂದು ಗುಡ್ಡದ ಮೇಲೆ. ಅದು ತೆಗೆದ ಚಿತ್ರಗಳು ಪುಣೆಗೆ ಬರುತ್ತವೆ, ಅಕ್ಕ ಕಂಪ್ಯೂಟರಿನ ಮುಂದೆ ಕೂತು ಅವುಗಳಲ್ಲಿ ಚುಕ್ಕಿ ಹುಡುಕುತ್ತಾಳೆ. ಇಷ್ಟನ್ನು ಒಂದೇ ಉಸಿರಿಗೆ ಹೇಳಿದರೆ ಜನ ಮತ್ತೆ ಪ್ರಶ್ನೆ ಕೇಳುವುದಿಲ್ಲ ಎಂಬುದು ನನ್ನ ಅನುಭವ.

ಆ ಚುಕ್ಕಿಗಳಲ್ಲಿ ಒಂದು ನಮ್ಮ ಮನೆಗೇ ಬಂದು ಕೂತಿತು. ಅದು ಎರಡು ಸಾವಿರದ ಐದನೆಯ ಇಸವಿಯ ಚಳಿಗಾಲ. ನಾನು ಚೊಚ್ಚಲ ಬಾಣಂತನಕ್ಕೆ ಖಾನಾಪುರದಲ್ಲಿ ತವರುಮನೆಯಲ್ಲಿದ್ದೆ. ನಾವು ಕುರಿ ಸಾಕುವ ಮನೆತನದವರು. ಅಪ್ಪ ಗುರುಸಿದ್ದ ಆಗಲೂ ಒಂದಷ್ಟು ಕುರಿ ಉಳಿಸಿಕೊಂಡಿದ್ದ, ಹೊಳೆಯ ದಂಡೆಗೆ ಒಂದು ಭತ್ತದ ಗದ್ದೆ ಇತ್ತು. ಅವನು ಮಾತಾಡುವುದು ಕುರಿಗಳ ಜೊತೆ ಮಾತ್ರ, ಮನೆಯವರ ಪಾಲಿಗೆ ಬರುವುದು ಹೂಂ ಮತ್ತು ಊಹೂಂ. ಅವನ ಪಾಲಿನದನ್ನೂ ಸೇರಿಸಿ ನಮ್ಮ ಅವ್ವ ಭರಮವ್ವ ಆಡುತ್ತಿದ್ದಳು.

ಮರುದಿನ ನನ್ನ ಮಗನನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯಕ್ರಮ. ಅಕ್ಕ ಪುಣೆಯಿಂದ ರೈಲಿನಲ್ಲಿ ಬಂದಿಳಿದಳು. ಕೂಸಿನ ತಲೆಗೆ ಕುಲಾಯಿ ತಂದಿದ್ದಳು, ನನಗೆ ಸೀರೆ. ಕೊನೆಗೆ ಚೀಲದೊಳಗಿನಿಂದ ಒಂದು ಕಾಗದ ತೆಗೆದು ಅವ್ವನ ಮುಂದೆ ಬಿಡಿಸಿದಳು. ಬೂದು ಬಣ್ಣದ ಚಿತ್ರ, ನಡುವೆ ದುಂಡಗಿನ ಕಪ್ಪು, ಸುತ್ತ ಕಲೆಕಲೆ.

"ಇದೇನಿದು, ರೊಟ್ಟಿ ಹೊತ್ತಿದಂಗ ಕಾಣತೈತಿ," ಎಂದಳು ಅವ್ವ.

"ನಡಬರಕ ನಕ್ಷತ್ರ ಐತಿ, ಅದರ ಬೆಳಕ ಮುಚ್ಚೇವಿ. ಈ ಬಾಜೂಕ ಸಣ್ಣ ಚುಕ್ಕಿ ಐತೆಲ್ಲ, ನೋಡ. ಇದು ಅದರ ಗ್ರಹ ಇರಬೌದು. ಇಷ್ಟ ವರ್ಷದಾಗ ಒಂದ ಸಿಕ್ಕೈತಿ ಅವ್ವಾ."

"ಇರಬೌದು ಅಂದ್ರ? ಐತೋ ಇಲ್ಲೋ?"

"ಬಾಳ ಹಿಂದ ಇರೂ ಬ್ಯಾರೆ ನಕ್ಷತ್ರನೂ ಆಗಿರಬೌದು. ಒಬ್ಬರ ಹಿಂದ ಒಬ್ಬರು ದೂರ ನಿಂತ್ರೂ ಒಮ್ಮೊಮ್ಮೆ ಬಾಜೂಕ ನಿಂತಂಗ ಕಾಣತೈತೆಲ್ಲ, ಹಂಗ. ವರ್ಷ ಬಿಟ್ಟು ಮತ್ತೊಮ್ಮೆ ನೋಡಬೇಕು. ಅಷ್ಟರಾಗ ನಕ್ಷತ್ರ ಆಕಾಶದಾಗ ಒಂದೀಟ ಸರದಿರತೈತಿ. ಚುಕ್ಕಿನೂ ಅದರ ಕೂಡ ಸರದಿದ್ರ ಅದರದ. ಇದು ಹಿಂದ ಉಳದಿದ್ರ ಅದರದಲ್ಲ."

"ಅಲ್ಲೀತನಕ ಏನಂತ ಕರೀತೀರಿ?"

"ಹೆಸರಿಲ್ಲ. ನಂಬರ ಐತಿ."

ಅವ್ವ ಬಹಳ ಹೊತ್ತು ಆ ಚುಕ್ಕಿಯನ್ನು ನೋಡಿದಳು. "ಚೊಲೋ ಮಾಡ್ತೀರಿ," ಎಂದಳು ಕೊನೆಗೆ. "ಉಳೀತೈತಿ ಅನ್ನೂದು ಖಾತ್ರಿ ಆಗೂತನಕ ಹೆಸರ ಇಡಬಾರದು."

ಅವ್ವ ಯಾವುದರ ಮಾತಾಡುತ್ತಿದ್ದಾಳೆಂದು ನಮಗಿಬ್ಬರಿಗೂ ಗೊತ್ತಿತ್ತು, ಆದರೆ ಅವಳ ಬಾಯಿಂದ ಅದನ್ನು ಎಂದೂ ಕೇಳಿರಲಿಲ್ಲ. ಅಕ್ಕ ಹುಟ್ಟುವುದಕ್ಕೆ ಮುಂಚೆ ಅವ್ವನಿಗೆ ಒಂದು ಗಂಡುಕೂಸು ಆಗಿತ್ತು. ಒಂಬತ್ತನೆಯ ದಿನ ತೀರಿಕೊಂಡಿತು. ಇದನ್ನು ನನಗೆ ಹೇಳಿದ್ದು ಪಕ್ಕದ ಮನೆಯ ಗಂಗೂಬಾಯಿ. ಅವಳು ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ ಆಡುವವಳು, ಎರಡರಲ್ಲೂ ಗುಟ್ಟು ಕಾಯುವ ಅಭ್ಯಾಸವಿಲ್ಲದವಳು. ನಮ್ಮಲ್ಲಿ ಹೆಸರಿಡುವ ಮುಂಚೆ ಹೋದ ಕೂಸಿಗೆ ಮುಂದಿನ ಕಾರ್ಯ ಯಾವುದೂ ಇಲ್ಲ. ತಂದೆ ಒಬ್ಬನೇ ಒಯ್ದು ಮಣ್ಣು ಮಾಡಿ ಬರಬೇಕು. ಗುರುತಿಗೆ ಕಲ್ಲು ಇಡಬಾರದು. ಜಾಗ ಎಲ್ಲಿ ಎಂದು ತಾಯಿಗೆ ಹೇಳಬಾರದು, ಅವಳು ಅಲ್ಲಿ ಹೋಗಿ ಅತ್ತರೆ ಮುಂದಿನ ಕೂಸು ನಿಲ್ಲುವುದಿಲ್ಲ ಎಂಬ ಭಯ. ಮಕ್ಕಳೆಷ್ಟು ಎಂದು ಕೇಳಿದವರಿಗೆ ಅದನ್ನು ಹಿಡಿದು ಹೇಳುವಂತಿಲ್ಲ. ಹಾಗಾಗಿ ಅವ್ವ ಊರಿನ ಲೆಕ್ಕದಲ್ಲಿ ಎರಡು ಹೆಣ್ಣು ಹಡೆದವಳು. ಗಂಡುಮಗನಿಲ್ಲದವಳು ಎಂದು ಮದುವೆ ಮನೆಗಳಲ್ಲಿ ಅವಳ ಮುಖಕ್ಕೇ ಅಂದವರಿದ್ದಾರೆ. ಅವಳು ಆಗಲೂ ಬಾಯಿ ಬಿಟ್ಟವಳಲ್ಲ.

"ಅನುರಾಧಾ," ಎಂದಳು ಅವ್ವ, "ಅದು ಉಳದ್ರ ನಾ ಒಂದ ಹೆಸರ ಹೇಳ್ತೇನಿ. ಇಡ್ತೀಯೇನ?"

ಅಕ್ಕ ನಕ್ಕಳು. "ದೊಡ್ಡ ವಿಜ್ಞಾನಿಗಳು ಇಡೂ ಹೆಸರ ಬ್ಯಾರೆ ಇರತೈತಿ ಅವ್ವಾ. ಮನ್ಯಾಗ ಕರಿಯಾಕ ಏನರೆ ಇಟ್ಕೊ. ಆದ್ರ ಉಳದ್ರ ಅಷ್ಟ."

ಯಾವ ಹೆಸರು ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿದರು. ಓಣಿಯ ಹೆಂಗಸರೆಲ್ಲ ಬಂದಿದ್ದರು, ಗುಗ್ಗರಿಯ ಬುಟ್ಟಿ ತುಂಬಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ನನ್ನ ನಾದಿನಿ ರಾಧಿಕಾಳದು. ಅವಳು, ಹೆಸರು ಹೇಳಿದವರಿಗೆ ರೂಢಿಯಂತೆ ಬೆನ್ನ ಮೇಲೆ ಬೀಳುವ ಗುದ್ದುಗಳಿಗೆ ಹೆದರಿ ಸೆರಗು ಬಿಗಿ ಮಾಡಿಕೊಂಡು ಕೂತಿದ್ದಳು. ಕೂಸನ್ನು ಹಾಕುವ ಮುಂಚೆ ತೊಟ್ಟಿಲಿಗೆ ರುಬ್ಬುವ ಗುಂಡುಕಲ್ಲು ಹಾಕುವುದು ಪದ್ಧತಿ. ಅದಕ್ಕೆ ಅರಿಶಿನ ಹಚ್ಚಿ, ಕುಲಾಯಿ ಹಾಕಿ, ಬಟ್ಟೆ ಸುತ್ತಿ, ಕೂಸನ್ನು ಕೊಟ್ಟಂತೆ ಒಬ್ಬರು ತೊಟ್ಟಿಲ ಕೆಳಗಿನಿಂದ ಕೊಡುತ್ತಾರೆ, ಆಚೆ ಕೂತವರು ತೆಗೆದುಕೊಂಡು ಮೇಲಿನಿಂದ ಮರಳಿಸುತ್ತಾರೆ. ಹೆಂಗಸರು ಹಾಡು ಹೇಳುತ್ತಾ ಸುತ್ತು ಹಾಕಿಸಿದರು. ಕಡೆಯ ಸುತ್ತಿಗೆ ಕಲ್ಲು ಅವ್ವನ ಕೈಗೆ ಬಂತು. ಅವಳು ಅದನ್ನು ಮುಂದೆ ಕೊಡಲಿಲ್ಲ. ಎದೆಗೆ ಒತ್ತಿಕೊಂಡಳು. ಕುಲಾಯಿಯನ್ನು ಒಂದು ಬದಿಗೆ ಸರಿಸಿ, ಕಲ್ಲಿಗೆ ಬಾಯಿ ಹಚ್ಚಿ, ಕೂಸಿನ ಕಿವಿಯಲ್ಲಿ ಹೆಸರಿಗೆ ಮುಂಚೆ ಕೂಗುವಂತೆ, "ಕುರ್ರ್" ಎಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ, "ಮಾರ್ತಾಂಡ" ಎಂದಳು.

ಹಾಡು ನಿಂತಿತು. ಮಾರ್ತಾಂಡ ಎಂದರೆ ನಮ್ಮ ಮನೆದೇವರು ಮೈಲಾರನ ಇನ್ನೊಂದು ಹೆಸರು, ಮನೆಯ ಹಿರಿಯ ಮಗನಿಗೆ ಇಡುವಂಥದು.

"ಭರಮವ್ವಾ, ಕೂಸಿನ ಹೆಸರ ಗೌರವ ಅಂದಿದ್ರೆಲ್ಲ?" ಎಂದಳು ಗಂಗೂಬಾಯಿ.

"ಕೂಸಿಂದು ಗೌರವನ. ಇದು ಬ್ಯಾರೆ. ನಮ್ಮ ಅನುರಾಧಾ ಮ್ಯಾಲ ಹೊಸಾದೊಂದು ಗ್ರಹ ಹುಡುಕ್ಯಾಳ. ಅದಕ ನನ್ನ ಹಿರೇ ಮಗನ ಹೆಸರ ಇಟ್ನಿ."

ಅಕ್ಕನ ಮುಖ ಬಿಳಿಚಿಹೋಯಿತು. ನನಗೆ ಸಿಟ್ಟು ನೆತ್ತಿಗೇರಿತು. ಹದಿಮೂರು ದಿನದ ನನ್ನ ಕೂಸು ಪಕ್ಕದಲ್ಲಿ ಮಲಗಿದೆ, ಅದನ್ನು ಹಾಕಬೇಕಾದ ತೊಟ್ಟಿಲಲ್ಲಿ ಸತ್ತ ಕೂಸಿನ ಹೆಸರು! ಜನರೆದುರಿಗೆ ತುಟಿ ಕಚ್ಚಿಕೊಂಡೆ. ರಾಧಿಕಾ ಅವಸರದಲ್ಲಿ ನನ್ನ ಮಗನ ಕಿವಿಯಲ್ಲಿ ಹೆಸರು ಹೇಳಿದಳು, ಹೆಂಗಸರು ಅವಳ ಬೆನ್ನಿಗೆ ಗುದ್ದಿದರು, ಆದರೆ ಯಾರ ಗುದ್ದಿನಲ್ಲೂ ಬಲ ಇರಲಿಲ್ಲ.

ಗುಗ್ಗರಿ ಹಂಚಿ ಜನ ಚದುರಿದ ಮೇಲೆ ಅವ್ವನ ಮೇಲೆ ಹರಿಹಾಯ್ದೆ. "ನಿನ್ನೆ ನೀನ ಹೇಳಿದಿ, ಖಾತ್ರಿ ಆಗೂತನಕ ಹೆಸರ ಇಡಬಾರದಂತ. ಇವತ್ತೇನ ಆತು ನಿನಗ? ನನ್ನ ಮಗನ ತೊಟ್ಟಿಲಾನ ಬೇಕಾಗಿತ್ತೇನ?"

ಅವ್ವ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು. "ಹೂಂ ಸಪ್ನಾ, ಇದ ಬೇಕಾಗಿತ್ತು. ಹೆಂಗಸರೆಲ್ಲ ಕೂಡಿದ್ರು, ತೊಟ್ಟಿಲಾ ಕಟ್ಟಿತ್ತು. ನನಗ ಇನ್ನೊಮ್ಮೆ ಯಾರ ತೊಟ್ಟಿಲಾ ಕಟ್ಟತಾರ?"

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಅವ್ವನಿಗೆ ಗ್ರಹ ಬೇಕಿರಲಿಲ್ಲ. ತನಗೊಬ್ಬ ಮಗ ಹುಟ್ಟಿದ್ದ, ಅವನಿಗೊಂದು ಹೆಸರಿತ್ತು ಎಂದು ನಾಲ್ಕು ಜನ ಒಪ್ಪಬೇಕಿತ್ತು, ಅಷ್ಟೇ.

ಜನ ಒಪ್ಪಿದರು ಕೂಡ. ಮೊದಲು ತಮಾಷೆಗೆ, ಆಮೇಲೆ ರೂಢಿಗೆ. ಗಂಗೂಬಾಯಿ ಬೇಲಿಯಾಚೆಯಿಂದ, "ನಿನ್ನ ಮಾರ್ತಾಂಡ ಆರಾಮ ಅದಾನೇನ?" ಎಂದು ಕೇಳುವಳು. "ಆರಾಮ ಅದಾನ. ಬಾಳ ದೂರ ಅದಾನ," ಎನ್ನುವಳು ಅವ್ವ. ಹಾಲು ಕೊಳ್ಳಲು ಬಂದವರು ಕೇಳುವರು. ಅರಿಶಿನ-ಕುಂಕುಮಕ್ಕೆ ಹೋದಲ್ಲಿ ಕೇಳುವರು. ಒಂದು ಸಲ ನಾನು ಹೋದಾಗ ಹೊಸ ಸೊಸೆಯೊಬ್ಬಳಿಗೆ ಅವ್ವ, "ನನಗ ಮೂರು. ಹಿರಿಯಾವ ಕೈಗೆ ಹತ್ತಲಿಲ್ಲ," ಎಂದು ಅಕ್ಕಿಯ ಬೆಲೆ ಹೇಳಿದಷ್ಟು ಸಹಜವಾಗಿ ಹೇಳುತ್ತಿದ್ದುದನ್ನು ನನ್ನ ಕಿವಿಯಾರೆ ಕೇಳಿದೆ. ಅಪ್ಪನಿಗೆ ಮಾತ್ರ ಇದು ಸೇರಲಿಲ್ಲ. ಆ ಹೆಸರು ಬಂದಾಗ ಒಮ್ಮೆ ಅರ್ಧ ಊಟಕ್ಕೇ ಕೈ ತೊಳೆದು ಹೊರಗೆ ಹೋಗಿದ್ದ. ನಾನು ಅದನ್ನು ಅವನ ಹಟ ಎಂದುಕೊಂಡೆ.

ಅಕ್ಕ ಫೋನು ಮಾಡಿದಾಗಲೆಲ್ಲ ಅವ್ವನಿಗೆ ತಿಳಿಹೇಳುತ್ತಿದ್ದಳು. ಇನ್ನೂ ಗೊತ್ತಾಗಿಲ್ಲ, ಜನರಿಗೆ ಹೇಳಬೇಡ, ಎರಡನೆಯ ಚಿತ್ರ ಬರಲಿ. ಅವ್ವ ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು. ಅಕ್ಕನಿಗೂ ಒಳಗೊಳಗೆ ಆಸೆ ಇತ್ತು, ಇರದೇ ಇರುತ್ತದೆಯೇ? ಅಷ್ಟು ವರ್ಷ ಕಣ್ಣು ಸವೆಸಿದವಳು. ಆದರೆ ಅವಳ ಮಾತಿನಲ್ಲಿ ಹೆದರಿಕೆಯೂ ಸೇರಿಕೊಂಡಿತ್ತು.

ನನ್ನ ಮಗ ಗೋಡೆ ಹಿಡಿದು ಹೆಜ್ಜೆ ಹಾಕುವುದು ಬಿಟ್ಟು ಓಡಾಡಲು ಕಲಿತಿದ್ದ. ಒಂದು ಭಾನುವಾರ ಬೆಳಿಗ್ಗೆ ಅಕ್ಕ ಹೇಳದೇ ಕೇಳದೇ ವಡಗಾವಿಯ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಪಕ್ಕದ ಮನೆಯ ಮಗ್ಗಗಳ ಸದ್ದಿಗೆ ನಮ್ಮಲ್ಲಿ ದನಿ ಎತ್ತರಿಸಿಯೇ ಮಾತಾಡಬೇಕು. ಅವಳು ದನಿ ಎತ್ತರಿಸಲಿಲ್ಲ, ಆದರೂ ನನಗೆ ಗೊತ್ತಾಯಿತು.

"ಸರೀಲಿಲ್ಲ," ಎಂದಳು. "ನಕ್ಷತ್ರ ಸರದೈತಿ, ಚುಕ್ಕಿ ಅಲ್ಲೇ ಐತಿ. ಎಲ್ಲೋ ಹಿಂದಿನ ನಕ್ಷತ್ರ ಅದು. ಸಂಬಂಧನ ಇಲ್ಲ."

"ಖರೇನ?"

"ಎಲ್ಲಾರೂ ನೋಡ್ಯಾರ. ನಾನೂ ಹತ್ತ ಸಲ ನೋಡೇನಿ."

ನಾನು ಕೂಡಲೇ ಹೇಳಿದೆ, ಇದನ್ನು ಖಾನಾಪುರಕ್ಕೆ ಒಯ್ಯುವುದು ಬೇಡವೇ ಬೇಡ ಎಂದು. ಅವ್ವನಿಗೆ ಈ ವಯಸ್ಸಿನಲ್ಲಿ ಸಿಕ್ಕಿದ್ದು ಅದೊಂದೇ. ಇಡೀ ಓಣಿ ಅವಳ ಮಗನನ್ನು ಹೆಸರು ಹಿಡಿದು ವಿಚಾರಿಸುತ್ತಿದೆ. ಈಗ ಇಲ್ಲ ಎಂದರೆ ಆ ಕೂಸು ಎರಡನೆಯ ಸಲ ಸತ್ತ ಹಾಗೆ. "ಖಾನಾಪುರದಾಗ ಯಾರ ದುರ್ಬೀನು ಹಚ್ಚಿ ನೋಡಾಕ ಹೊಂಟಾರ? ಐತಿ ಅಂದ್ರ ಮುಗೀತು!"

"ನಾ ನೋಡೇನೆಲ್ಲ," ಎಂದಳು ಅಕ್ಕ.

"ನಿನ್ನ ಖರೇತನಕ್ಕ ನಮ್ಮವ್ವನ ಹೊಟ್ಟಿ ಉರಸ್ತೀಯೇನ?"

"ಸಪ್ನಾ, ಆಕಿ ನನ್ನ ಮಾತ ನಂಬಿ ಇಟ್ಟ ಹೆಸರದು. ಅಲ್ಲ ಅಂತ ಗೊತ್ತಿದ್ದೂ ಆಕಿ ಮುಂದ ಹೂಂ ಅನ್ನಾಕ ನನ್ನ ಕೈಲೆ ಆಗೂದಿಲ್ಲ."

ಶಿವಲಿಂಗ ಚಹಾ ಮಾಡಿಕೊಂಡು ತಂದ. ನಮ್ಮ ಜಗಳದ ನಡುವೆ ಬಾಯಿ ಹಾಕುವಷ್ಟು ದಡ್ಡನಲ್ಲ ಅವನು. ಮಗುವಿಗೆ ಸ್ವೆಟರು ಹಾಕಿ ನನ್ನ ಕೈಗೆ ಕೊಟ್ಟ, ಅಂದರೆ ನೀವಿಬ್ಬರೂ ಹೋಗಿ ಬನ್ನಿ ಎಂದು ಅರ್ಥ.

ಬಸ್ಸು ಉದ್ಯಮಬಾಗ ದಾಟಿ, ಪೀರನವಾಡಿ ದಾಟಿತು. ಅಕ್ಕ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಮೌನ ತಡೆಯಲಾಗದೇ ನಾನೇ ಕೇಳಿದೆ, ಈಗ ನಿನ್ನ ಪಿಎಚ್‌ಡಿಯ ಗತಿ ಏನು ಎಂದು.

"ಸಿಗತೈತಿ. ಏನೂ ಸಿಗಲಿಲ್ಲ ಅನ್ನೂದೂ ಬರಿಯೂ ವಿಷಯನ. ಇಷ್ಟ ನಕ್ಷತ್ರ ನೋಡಿದ್ವಿ, ಒಂದರಾಗೂ ಇಲ್ಲ. ಹಂಗಾರ ಅಷ್ಟ ದೂರ ದೊಡ್ಡ ಗ್ರಹ ಇರೂದು ಬಾಳ ಅಪರೂಪ ಅಂತಾತು. ನೂರಕ್ಕ ಇಂತಿಷ್ಟರಕಿಂತ ಹೆಚ್ಚ ಇರಾಕಿಲ್ಲ ಅಂತ ಗಟ್ಟಿ ಹೇಳಬೌದು. ಇಲ್ಲವೇ ಇಲ್ಲ ಅಂತ ಮಾತ್ರ ಹೇಳಾಕ ಬರೂದಿಲ್ಲ."

"ಏನೂ ಸಿಗದಿದ್ದಕ್ಕ ಡಾಕ್ಟರ್ ಅನುರಾಧಾ. ನಮ್ಮ ಆಫೀಸಿನ್ಯಾಗ ಹಿಂಗ ಇದ್ದಿದ್ರ ನಾ ಯಾವಾಗೋ ಮ್ಯಾನೇಜರ್ ಆಗಿರತಿದ್ನಿ," ಎಂದೆ.

ಅವಳು ನಕ್ಕಳು. ನಗುತ್ತಲೇ ಅಳತೊಡಗಿದಳು. ಕಂಡಕ್ಟರು ಚಿಲ್ಲರೆ ಕೊಡಲು ಬಂದವನು ಹಾಗೇ ಮುಂದಕ್ಕೆ ಹೋದ. ನನ್ನ ಮಗ ಅವಳ ಕೆನ್ನೆ ಮುಟ್ಟಿ ಒದ್ದೆಯಾದ ಬೆರಳನ್ನು ನನಗೆ ತೋರಿಸಿದ.

ನಾವು ಮುಟ್ಟಿದಾಗ ಅವ್ವ ಅಂಗಳದಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಅಪ್ಪ ಕಟ್ಟೆಯ ಮೇಲಿದ್ದ. ಇಬ್ಬರೂ ಕೂಡಿ ಬಂದದ್ದು ನೋಡಿ ಅವ್ವನಿಗೆ ಸಂಭ್ರಮ. "ಬರ್ರೆವ್ವ, ಕುಂದರ್ರಿ. ಏನ ಒಮ್ಮಿಂದೊಮ್ಮೆ?" ಮೊಮ್ಮಗನನ್ನು ಕಸಿದುಕೊಂಡು ಮುದ್ದಾಡಿದಳು. ನೀರು ಕುಡಿಯುವಷ್ಟೂ ತಡೆಯದೆ ಅಕ್ಕ ಅವಳೆದುರು ಕೂತಳು.

"ಅವ್ವಾ, ಅದು ಗ್ರಹ ಅಲ್ಲ."

ಅವ್ವ ಮೊಮ್ಮಗನನ್ನು ಕೆಳಗೆ ಇಳಿಸಿದಳು. "ಹೋತೇನ?"

"ಹೋಗಿಲ್ಲ. ಚುಕ್ಕಿ ಐತಿ. ಆದ್ರ ಅದು ಬ್ಯಾರೆ ನಕ್ಷತ್ರ, ಬಾಳ ಹಿಂದ ಐತಿ. ಇದರ ಕೂಡ ಬರಲಿಲ್ಲ ಅದು."

"ಅಂದ್ರ ಅದು ಮತ್ತ್ಯಾರದೋ."

"ಹೂಂ."

ಅವ್ವ ಮೊರದಲ್ಲಿನ ಅಕ್ಕಿಯನ್ನು ಒಂದು ಕಡೆಗೆ ಸರಿಸಿದಳು, ಮತ್ತೆ ಇನ್ನೊಂದು ಕಡೆಗೆ ಸರಿಸಿದಳು. "ಮಂದಿ ಕೂಸಿಗೆ ನಮ್ಮಾಂವನ ಹೆಸರ ಇಟ್ಟಂಗಾತು," ಎಂದಳು. "ನಂದ ತಪ್ಪು. ತಡಿಲಿಲ್ಲ ನಾ."

ನನಗೆ ಅದನ್ನು ಕೇಳಿಸಿಕೊಳ್ಳಲಾಗಲಿಲ್ಲ. "ಇರಲಿ ಬಿಡವ್ವಾ, ಚುಕ್ಕಿ ಅಂತೂ ಐತೆಲ್ಲ. ಯಾರದಾದ್ರೇನು, ಹೆಸರ ಇರಲಿ."

"ಬ್ಯಾಡ. ನಮ್ಮದಲ್ಲದ್ದಕ್ಕ ಬ್ಯಾಡ." ಅವಳು ಅಕ್ಕನತ್ತ ತಿರುಗಿದಳು. "ನೀ ನೋಡಿದ್ದ ಉಳಿದ ನಕ್ಷತ್ರ ಎಲ್ಲಾ? ಅವಕ್ಕ ಸಿಕ್ಕತೇನ?"

"ಯಾವದಕ್ಕೂ ಸಿಗಲಿಲ್ಲ."

"ಹಂಗಾರ ಅವನ್ನ ಬಿಟ್ಟ ಬಿಡ್ತೀರಿ."

"ಇಲ್ಲವ್ವಾ, ಹೆಂಗ ಬಿಡಾಕ ಬರತೈತಿ? ಅವನ್ನೂ ಲೆಕ್ಕಕ್ಕ ಹಿಡೀಬೇಕು. ಏನೂ ಕಾಣದ್ದನ್ನ ಕೈಬಿಟ್ರ ಲೆಕ್ಕನ ಸುಳ್ಳಾಗತೈತಿ."

ಬೇಲಿಯಾಚೆ ಗಂಗೂಬಾಯಿಯ ಕೆಮ್ಮು ಕೇಳಿಸಿತು, ಅವಳು ಅಂದು ಏನನ್ನೂ ಕೇಳಲಿಲ್ಲ. ಅವ್ವ ಅಪ್ಪನತ್ತ ನೋಡಿದಳು. ಅವನು ಅಷ್ಟೂ ಹೊತ್ತು ತಲೆ ತಗ್ಗಿಸಿಯೇ ಕೂತಿದ್ದ.

"ರೀ," ಎಂದಳು. "ನಮ್ಮಾಂವನ್ನ ಎಲ್ಲಿ ಇಟ್ಟ ಬಂದ್ರಿ?"

ಈ ಪ್ರಶ್ನೆಯನ್ನು ಅವಳು ಮದುವೆಯಾದ ಇಷ್ಟು ವರ್ಷಗಳಲ್ಲಿ ಕೇಳಿರಲಿಲ್ಲ. ಕೇಳಬಾರದು ಎಂದು ಹಿರಿಯರು ಹೇಳಿದ್ದರು, ಕೇಳಲಿಲ್ಲ. ಹೇಳಬಾರದು ಎಂದು ಅವನಿಗೂ ಹೇಳಿದ್ದರು. ಅಪ್ಪ ಊಹೂಂ ಎನ್ನುತ್ತಾನೆ ಎಂದು ನಾನು ಕಾದೆ. ಅವನು ಎದ್ದು ನಿಂತ. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ, ಚಪ್ಪಲಿ ಮೆಟ್ಟಿದ, ಹಿಂದೆ ಯಾರು ಬರುತ್ತಿದ್ದಾರೆ ಎಂದೂ ನೋಡದೆ ನಡೆಯತೊಡಗಿದ. ಅವ್ವ ಮೊರ ಬಿಟ್ಟು ಅವನ ಹಿಂದೆ ಹೊರಟಳು. ನಾನು ಮಗನನ್ನು ಎತ್ತಿಕೊಂಡೆ.

ಅವನು ನಮ್ಮನ್ನು ಕರೆದೊಯ್ದದ್ದು ನಮ್ಮದೇ ಗದ್ದೆಗೆ. ಭತ್ತದ ಕೊಯ್ಲು ಮುಗಿದಿತ್ತು. ಗದ್ದೆಯ ಆಚೆ ಮಲಪ್ರಭಾ ಹೊಳೆ, ಹೊಳೆಗೂ ಗದ್ದೆಗೂ ನಡುವೆ ಅಗಲವಾದ ಒಂದು ಬದು. ಮಳೆಗಾಲದ ಹುಲ್ಲು ಅದರ ಮೇಲೆ ಮೊಣಕಾಲೆತ್ತರ ಬೆಳೆದು ಒಣಗಿ ನಿಂತಿತ್ತು, ಒಂದು ಎಸಳೂ ಮೇಯಿಸಿದ್ದಲ್ಲ. ಚಿಕ್ಕವರಿದ್ದಾಗ ಆ ಬದುವಿನ ಮೇಲೆ ಕುರಿ ಹತ್ತಿಸಿದ್ದಕ್ಕೆ ನಾನೂ ಅಕ್ಕನೂ ಅಪ್ಪನ ಕೈಯಲ್ಲಿ ಏಟು ತಿಂದಿದ್ದೆವು. ಅವನು ನಮಗೆ ಹೊಡೆದದ್ದು ಅದೊಂದೇ ಸಲ, ಯಾಕೆಂದು ಮಾತ್ರ ನಮಗೆ ಯಾವತ್ತೂ ತಿಳಿದಿರಲಿಲ್ಲ.

ಅಪ್ಪ ಬದುವಿನುದ್ದಕ್ಕೂ ನಡೆದ. ಒಂದು ಕಡೆ ನಿಂತ. ನೆಲ ನೋಡಿದ. ಇನ್ನಷ್ಟು ಮುಂದೆ ಹೋದ, ಮತ್ತೆ ಹಿಂದಕ್ಕೆ ಬಂದ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅವನ ಕಾಲುಗಳನ್ನೇ ನೋಡುತ್ತಿದ್ದಳು, ಅವು ಎಲ್ಲಿ ನಿಲ್ಲುತ್ತವೋ ಅಲ್ಲಿ ಬಗ್ಗಲು ಸಿದ್ಧಳಾಗಿ. ಅವು ನಿಲ್ಲಲಿಲ್ಲ. ಕೊನೆಗೆ ಅವನು ನಮ್ಮತ್ತ ತಿರುಗಿದ.

"ತಿಳೀವಲ್ದು," ಎಂದ.

ಹೆಗಲ ಕಂಬಳಿಯನ್ನು ಕೈಗೆ ತೆಗೆದುಕೊಂಡು ಅವನೇ ಮುಂದುವರಿಸಿದ.

"ನಾ ಕುರಿ ಹಿಂಡಿನ ಕೂಡ ಘಟ್ಟದ ಕೆಳಗ ಹೋಗಿದ್ನಿ. ಸುದ್ದಿ ಮುಟ್ಟಿ ಬರೂದ್ರಾಗ ಜೀವ ಹೋಗಿತ್ತು. ಒಮ್ಮೆ ಮಾರಿ ನೋಡಿದ್ನಿ, ಅಷ್ಟ. ಕಂಬಳ್ಯಾಗ ಸುತ್ತಗೊಂಡ ಇಲ್ಲಿಗೆ ತಂದ್ನಿ. ಗುರುತ ಇಡಬ್ಯಾಡ ಅಂದ್ರು, ಇಡಲಿಲ್ಲ. ಮನಸಿನ್ಯಾಗ ಇಟ್ಕೊಂಡಿದ್ನಿ, ಮರಿಯೂದಿಲ್ಲ ಅಂತ. ಮುಂದ ಒಂದ ವರ್ಷ ಹೊಳಿ ಬಂದು ಬದು ಒಡೀತು, ಮತ್ತ ಮಣ್ಣ ಹಾಕಿದ್ವಿ. ಅವತ್ತಿಂದ ಎಲ್ಲಿ ಅಂತ ನನಗ ತಿಳೀವಲ್ದು. ಅದಕ್ಕ ಬದುವಿನ ಮ್ಯಾಲ ಎಲ್ಲೂ ಕುರಿ ಬಿಡಲಿಲ್ಲ."

ಅಪ್ಪ ಇಷ್ಟು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಟ ಎಂದು ನಾನು ಅಂದುಕೊಂಡದ್ದು ಹಟವಾಗಿರಲಿಲ್ಲ. ಅವ್ವ ಎಂದಾದರೂ ಕೇಳಿಯಾಳು, ಆಗ ತನ್ನ ಬಳಿ ಉತ್ತರ ಇಲ್ಲ ಎಂಬ ಭಯದಲ್ಲಿ ಅವನು ಅಷ್ಟೂ ವರ್ಷ ಬದುಕಿದ್ದ.

ಅಕ್ಕ ಹತ್ತಿರ ಹೋಗಿ ಅವನ ಕೈ ಹಿಡಿದಳು. "ಅಪ್ಪಾ, ಈ ಬದುವಿನ ಹೊರಗಂತೂ ಇಲ್ಲಲ್ಲ?"

"ಇಲ್ಲ. ಈ ತುದೀಲಿಂದ ಆ ಹೊಂಗೀ ಗಿಡದತನಕ. ಇದರಾಗ ಎಲ್ಲೋ ಅದಾನ."

"ಹಂಗಾರ ಸಾಕು," ಎಂದಳು ಅಕ್ಕ. "ಅಷ್ಟ ಸಾಕವ್ವಾ."

ಅವ್ವ ಬದುವಿನ ಈ ತುದಿಯನ್ನು ನೋಡಿದಳು, ಹೊಂಗೆಯ ಗಿಡ ನೋಡಿದಳು. ಬಗ್ಗಿ ಹೆಸರು ಹೇಳೋಣ ಎಂದರೆ ಕಿವಿ ಎಲ್ಲಿದೆಯೋ ಅವಳಿಗೆ ಗೊತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬದು ಹತ್ತಿ ನೆಟ್ಟಗೆ ನಿಂತಳು. ಆಡಲು ಹೋದ ನಮ್ಮನ್ನು ಸಂಜೆ ಊಟಕ್ಕೆ ಕರೆಯುತ್ತಿದ್ದಳಲ್ಲ, ಅದೇ ದನಿಯಲ್ಲಿ ಹುಲ್ಲಿನುದ್ದಕ್ಕೂ ಕೇಳುವಂತೆ ಕರೆದಳು.

"ಮಾರ್ತಾಂಡಾ!"

ಹೊಳೆಯ ಕಡೆಯಿಂದ ಗಾಳಿ ಬಂತು. ಅವಳು ಕರೆದು ಕಾದಳು. ಕರೆದ ಮೇಲೆ ಯಾರೂ ಓಗೊಡದೇ ಇರುವುದನ್ನು ಕೇಳಿಸಿಕೊಂಡು ನಿಂತಿರುವುದು ಎಷ್ಟು ಕಷ್ಟ ಎಂದು ನನಗೆ ಆಗ ಗೊತ್ತಾಯಿತು. ನನ್ನ ಮಗನನ್ನು ಬಿಗಿಯಾಗಿ ಅಪ್ಪಿಕೊಂಡೆ.

"ಓ," ಎಂದಿತು ಒಂದು ಗಂಡಸಿನ ದನಿ.

ಅಪ್ಪ ನಮಗೆ ಬೆನ್ನು ಮಾಡಿ ಹೊಳೆಯ ಕಡೆ ನೋಡುತ್ತಾ ನಿಂತಿದ್ದ. ಅವ್ವ ಇನ್ನೊಮ್ಮೆ ಕರೆದಳು. ಅವನು ಇನ್ನೊಮ್ಮೆ "ಓ" ಎಂದ.